ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಸಣ್ಣದು ಮಾಡುವ ಬಗೆ: ಲೈಬ್ರರಿ ಸರ್ವರ್ ಒಂದನ್ನು ಎದುರಿಗಿಟ್ಟುಕೊಂಡು

"ಸರ್, ಪರದೆ ಮ್ಯಾಲ ಏನೋ ಕೇಳಾಕತ್ತೈತ್ರಿ. ಏನ್ ಒತ್ಲಿ?"

ಧಾರವಾಡದ ಒಂದು ಕಾಲೇಜಿನ ಲೈಬ್ರರಿಯಿಂದ ಮಧ್ಯಾಹ್ನ ಎರಡು ಗಂಟೆಗೆ ಬಂದ ಫೋನ್ ಇದು. ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಟಾಲ್ ಸ್ಕ್ರಿಪ್ಟ್ (ಸರ್ವರ್‌ಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಹಾಕುವ ಕಮಾಂಡ್‌ಗಳ ಫೈಲ್) ಓಡಿಸಿ ಅಂತ ಹೇಳಿ ನಾನು ಹುಬ್ಬಳ್ಳಿಯಲ್ಲಿ ಬೇರೆ ಕೆಲಸದಲ್ಲಿದ್ದೆ. ಲೈಬ್ರರಿಯನ್ ಮೇಡಂ ಅದನ್ನು ಶುರು ಮಾಡಿ, ಕೌಂಟರ್‌ಗೆ ಹೋಗಿ ಹುಡುಗರಿಗೆ ಪುಸ್ತಕ ಕೊಡುತ್ತಿದ್ದರು. ಸರ್ವರ್ ನಾಲ್ಕು ತಾಸು ಒಂದೇ ಪ್ರಶ್ನೆ ಇಟ್ಟುಕೊಂಡು ಕಾಯುತ್ತಿತ್ತು. ನೇರಳೆ ಪರದೆ, ನಡುವೆ ಬೂದು ಬಣ್ಣದ ಪೆಟ್ಟಿಗೆ, ಯಾವ ಯಾವ ಸರ್ವೀಸ್ ರೀಸ್ಟಾರ್ಟ್ ಮಾಡಲಿ ಅಂತ ಒಂದು ಪಟ್ಟಿ. ನಾನು ಚಿಗರಿ ಬಸ್ ಹತ್ತಿ ಧಾರವಾಡ ಮುಟ್ಟುವ ಹೊತ್ತಿಗೆ ಮಳೆ ಹಿಡಿದು ಕರೆಂಟೂ ಹೋಗಿತ್ತು.

ಅವತ್ತು ಸಂಜೆ ಆ ಸ್ಕ್ರಿಪ್ಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. 340 ಸಾಲು. ಬೇರೆ ಬೇರೆ ವರ್ಷ ನಾಲ್ಕೈದು ಜನ ಸೇರಿಸುತ್ತಾ ಬಂದಿದ್ದು. ಈಗ ಅದು 58 ಸಾಲು, ಪಕ್ಕದಲ್ಲಿ 14 ಸಾಲಿನ ಒಂದು ಚೀಟಿ. ಕೆಲಸ ಮೊದಲಿನದೇ. ಅದನ್ನು ಹೇಗೆ ಇಳಿಸಿದೆ ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಸರ್ವರ್‌ನಲ್ಲಿ ಬೇರೆ ಸಾಫ್ಟ್‌ವೇರ್ ಇರಬಹುದು, ದಾರಿ ಹೆಚ್ಚುಕಡಿಮೆ ಇದೇ.

ನಮ್ಮ ಸರ್ವರ್‌ನಲ್ಲಿ ಇರೋದು ಎರಡು. ಒಂದು, ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ, 2000ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿರುವ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕೊಡುಗೆ. ಇನ್ನೊಂದು, ಪುಸ್ತಕ ವಾಪಸ್ ಮಾಡದವರಿಗೆ ಮೆಸೇಜ್ ಕಳಿಸಲು ನಾವೇ ಬರೆದ ಚಿಕ್ಕ ಪೈಥಾನ್ ಪ್ರೋಗ್ರಾಂ. ಅದನ್ನು 'ನೆನಪು' ಅಂತ ಕರೆಯುತ್ತೇವೆ.

ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಮೊದಲು ಓದಿ, ಆಮೇಲೆ ಅಳಿಸಿ

ಸ್ಕ್ರಿಪ್ಟನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಪರದೆ ಮೇಲೆ ಓದಿದರೆ ಕಣ್ಣು ಜಾರುತ್ತದೆ. ಮೂರು ಬಣ್ಣದ ಪೆನ್ ತಗೊಳ್ಳಿ. ಏನು ಬೇಕು ಅಂತ ಹೇಳುವ ಸಾಲಿಗೆ ಒಂದು ಬಣ್ಣ. ಅದನ್ನು ಹೇಗೆ ತರಬೇಕು ಅಂತ ಹೇಳುವ ಸಾಲಿಗೆ ಇನ್ನೊಂದು. ಹಿಂದೆಂದೋ ಆದ ತೊಂದರೆಗೆ ಹಚ್ಚಿದ ತೇಪೆಗೆ ಮೂರನೇದು. ನನ್ನ ಕಾಗದದ ಮೇಲೆ ಮೂರನೇ ಬಣ್ಣವೇ ಜಾಸ್ತಿ ಇತ್ತು. ಬಹಳಷ್ಟು ತೇಪೆಗಳಿಗೆ ಕಾರಣವಾದ ತೊಂದರೆ ಈಗ ಇಲ್ಲವೇ ಇಲ್ಲ. ಯಾಕೆ ಹಾಕಿದ್ದು ಅಂತ ಯಾರಿಗೂ ನೆನಪಿಲ್ಲ, ತೆಗೆಯಲು ಎಲ್ಲರಿಗೂ ಭಯ.

ಆ ಭಯ ಹೋಗಬೇಕಾದರೆ ಎರಡು ಬೇಕು. ಸ್ಕ್ರಿಪ್ಟನ್ನು ಗಿಟ್‌ನಲ್ಲಿ (ಪ್ರತಿ ಬದಲಾವಣೆಯನ್ನೂ ನೆನಪಿಟ್ಟು ಹಿಂದಕ್ಕೆ ಹೋಗಲು ಬಿಡುವ ಸಾಧನ) ಇಡಬೇಕು. ಮತ್ತೆ ಮತ್ತೆ ಹೊಸ ಯಂತ್ರದ ಮೇಲೆ ಓಡಿಸಿ ನೋಡುವ ಜಾಗ ಇರಬೇಕು. ಆ ಜಾಗದ ಬಗ್ಗೆ ಮುಂದೆ ಹೇಳುತ್ತೇನೆ.

ಯಾವ ಲಿನಕ್ಸ್‌ಗೆ ಅನ್ನೋದನ್ನು ಗಟ್ಟಿ ಮಾಡಿ

ಹಳೆಯ ಸ್ಕ್ರಿಪ್ಟ್‌ನಲ್ಲಿ ಉಬುಂಟು, ಡೆಬಿಯನ್, ಸೆಂಟ್‌ಓಎಸ್, ಓಪನ್‌ಸೂಸೆ ಎಂಬ ಲಿನಕ್ಸ್ ಬಗೆಗಳೆಲ್ಲಕ್ಕೂ ಬೇರೆ ಬೇರೆ ಕವಲು ಇತ್ತು. ಸೆಂಟ್‌ಓಎಸ್ 8ರ ಬೆಂಬಲ 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಸೆಂಟ್‌ಓಎಸ್ 7ರದು 2024ರ ಜೂನ್ 30ಕ್ಕೆ. ಕೋಹಾದ ಸಿದ್ಧ ಪ್ಯಾಕೇಜ್ (ಹಾಕಲು ತಯಾರಾದ ಸಾಫ್ಟ್‌ವೇರ್ ಕಟ್ಟು) ಬರುವುದೇ ಡೆಬಿಯನ್ ಬಗೆಯಲ್ಲಿ. ನಮ್ಮ ಕಾಲೇಜುಗಳಲ್ಲಿ ಇರೋದು ಉಬುಂಟು 22.04 ಮತ್ತು ಡೆಬಿಯನ್ 12 ಮಾತ್ರ. ಹಾಗಿದ್ದ ಮೇಲೆ ಉಳಿದ ಕವಲುಗಳು ಯಾರಿಗಾಗಿ? ಎಲ್ಲವನ್ನೂ ತೆಗೆದೆ. ಒಂದೇ ಏಟಿಗೆ 110 ಸಾಲು ಹೋದವು.

ಯಾವ ಯಂತ್ರ ಅಂತ ಕಂಡುಹಿಡಿಯಲು ಮೊದಲು 40 ಸಾಲು ಇತ್ತು. ಈಗಿನ ಯಾವ ಲಿನಕ್ಸ್‌ನಲ್ಲೇ ಆಗಲಿ, ಇಟಿಸಿ ಫೋಲ್ಡರ್ ಒಳಗೆ ಓಎಸ್-ರಿಲೀಸ್ ಎಂಬ ಫೈಲ್ ಇರುತ್ತದೆ. ಅದರಲ್ಲಿ 'ಐಡಿ' ಮತ್ತು 'ವರ್ಷನ್ ಅಂಡರ್‌ಸ್ಕೋರ್ ಐಡಿ' ಎಂಬ ಎರಡು ಹೆಸರು ಓದಿದರೆ ಸಾಕು. ಐಡಿ ಉಬುಂಟು ಇದ್ದು ವರ್ಷನ್ 22.04 ಇದ್ದರೆ ಮುಂದೆ ಹೋಗು, ಡೆಬಿಯನ್ 12 ಇದ್ದರೂ ಹೋಗು, ಬೇರೆ ಏನೇ ಇದ್ದರೂ ಅದರ ಹೆಸರು ತೋರಿಸಿ ನಿಲ್ಲು. ಇಷ್ಟನ್ನು ಒಂದು 'ಕೇಸ್'ನಲ್ಲಿ ಐದು ಸಾಲಲ್ಲಿ ಬರೆಯಬಹುದು.

ಒಂದು ಎಚ್ಚರಿಕೆ. ಆ ಫೈಲ್‌ನಲ್ಲಿ 'ನೇಮ್', 'ವರ್ಷನ್' ಅಂತಲೂ ಹೆಸರುಗಳಿವೆ. ಅದನ್ನು ನೇರವಾಗಿ ಸ್ಕ್ರಿಪ್ಟ್ ಒಳಗೆ ಓದಿಸಿಕೊಂಡರೆ, ನೀವು ಅದೇ ಹೆಸರಲ್ಲಿ ಇಟ್ಟುಕೊಂಡ ಬೆಲೆ (ವ್ಯಾಲ್ಯೂ) ಹೇಳದೆ ಕೇಳದೆ ಅಳಿಸಿಹೋಗುತ್ತದೆ. ಸಬ್‌ಶೆಲ್‌ನಲ್ಲಿ (ಮುಖ್ಯ ಸ್ಕ್ರಿಪ್ಟ್‌ನ ಹೆಸರುಗಳಿಗೆ ತಾಗದೆ ಬೇರೆಯಾಗಿ ಓಡುವ ಶೆಲ್) ಓದಿ, ಬೇಕಾದ ಎರಡನ್ನು ಮಾತ್ರ ಹೊರಗೆ ತನ್ನಿ.

ನಿಮಗೆ ನಿಜವಾಗಿಯೂ ರಾಕಿ ಅಥವಾ ಆಲ್ಮಾ ಲಿನಕ್ಸ್ ಕೂಡ ಬೇಕಿದ್ದರೆ, ಅದಕ್ಕೆ ಬೇರೆಯದೇ ಪಟ್ಟಿ ಇಡಿ. ಹೆಸರುಗಳು ಹೊಂದುವುದಿಲ್ಲ. ಡೆಬಿಯನ್‌ನಲ್ಲಿ ಅಪಾಚೆ2 ಅನ್ನೋದಕ್ಕೆ ಅಲ್ಲಿ ಹೆಚ್‌ಟಿಟಿಪಿಡಿ ಅಂತಾರೆ. ಇಲ್ಲಿ ಹೆಸರಿನ ಕೊನೆಗೆ 'ಡೆವ್' ಬಂದರೆ ಅಲ್ಲಿ 'ಡೆವೆಲ್'. ಇದನ್ನೆಲ್ಲ ಒಂದೇ ಫೈಲ್‌ನಲ್ಲಿ ಇಫ್-ಎಲ್ಸ್ ಹಾಕಿ ಹೊಲಿಯಲು ಹೋದರೆ ಮತ್ತೆ 340 ಸಾಲೇ ಆಗುತ್ತದೆ.

ಚೀಟಿ ಬೇರೆ, ಅಡುಗೆ ಬೇರೆ

ಸಂತೆಗೆ ಹೋಗುವವರ ಕೈಗೆ ಮನೆಯಲ್ಲಿ ಚೀಟಿ ಬರೆದು ಕೊಡುತ್ತಾರೆ. ಯಾವ ಸಾಮಾನು ಅಂತ ಇರುತ್ತದೆ, ಅಷ್ಟೇ. ಯಾವ ಓಣಿಯಲ್ಲಿ ನಡೆದು ಯಾವ ಅಂಗಡಿಗೆ ಹೋಗಬೇಕು ಅಂತ ಅದರಲ್ಲಿ ಬರೆಯುವುದಿಲ್ಲ. ಸ್ಕ್ರಿಪ್ಟ್‌ನಲ್ಲೂ ಹೀಗೇ ಮಾಡಿ. ಈ ಲೇಖನದಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಪುರುಸೊತ್ತು ಇದ್ದರೆ ಇದನ್ನು ಮಾಡಿ.

'ಪ್ಯಾಕೇಜಸ್' ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್. ಸಾಲಿಗೆ ಒಂದು ಹೆಸರು. ಹೆಸರಿನ ಪಕ್ಕದಲ್ಲಿ ಹ್ಯಾಶ್ ಗುರುತು ಹಾಕಿ, ಅದು ಯಾಕೆ ಬೇಕು ಅಂತ ನಾಲ್ಕು ಪದ. ನಮ್ಮದರಲ್ಲಿ ಮೊದಲ ಸಾಲು ಮಾರಿಯಾಡಿಬಿ-ಸರ್ವರ್, ಪಕ್ಕದಲ್ಲಿ 'ಪುಸ್ತಕ, ಸದಸ್ಯರ ಡೇಟಾಬೇಸ್' ಅಂತಿದೆ. ಮುಂದಿನದು ಕೋಹಾ-ಕಾಮನ್. ಪೈಥಾನ್3-ರಿಕ್ವೆಸ್ಟ್ಸ್ ಪಕ್ಕದಲ್ಲಿ 'ನೆನಪು ಮೆಸೇಜ್ ಕಳಿಸಲು' ಅಂತಿದೆ. ಯಾಕೆ ಅಂತ ಬರೆಯಲು ಆಗದ ಹೆಸರು ಬಂದಾಗಲೆಲ್ಲ ನಾನು ಅದನ್ನು ಪಟ್ಟಿಯಿಂದ ತೆಗೆದು ಓಡಿಸಿ ನೋಡಿದೆ. ಒಂಬತ್ತು ಹೆಸರು ಹಾಗೆ ಹೋದವು, ಏನೂ ಕೆಡಲಿಲ್ಲ.

ಸ್ಕ್ರಿಪ್ಟ್ ಈ ಪಟ್ಟಿಯನ್ನು ಓದುವುದು 'ಮ್ಯಾಪ್‌ಫೈಲ್' ಎಂಬ ಬ್ಯಾಶ್ ಕಮಾಂಡ್‌ನಿಂದ. ಓದುವ ಮೊದಲು 'ಸೆಡ್' ಬಳಸಿ ಹ್ಯಾಶ್ ಮತ್ತು ಅದರ ಮುಂದಿನದನ್ನು ಅಳಿಸಬೇಕು, ಖಾಲಿ ಸಾಲನ್ನೂ ತೆಗೆಯಬೇಕು. ಇಲ್ಲಿ ಒಂದು ಸಣ್ಣ ಜಾಗದಲ್ಲಿ ಎಡವುತ್ತೀರಿ. ಹೆಸರಿಗೂ ಹ್ಯಾಶ್‌ಗೂ ನಡುವೆ ಇರುವ ಸ್ಪೇಸನ್ನೂ ಅಳಿಸಬೇಕು. ಅದು ಉಳಿದರೆ ಆಪ್ಟ್ (ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಂ) ಅದನ್ನು ಹೆಸರಿನ ಭಾಗ ಅಂತಲೇ ತಿಳಿದು, ಇಂಥ ಪ್ಯಾಕೇಜ್ ಇಲ್ಲ ಅನ್ನುತ್ತದೆ. ಪರದೆ ಮೇಲೆ ನೋಡಿದರೆ ಹೆಸರು ಸರಿಯಾಗಿಯೇ ಕಾಣುತ್ತದೆ. ನನಗೆ ಇದು ಗೊತ್ತಾಗಲು ಮುಕ್ಕಾಲು ತಾಸು ಹಿಡಿಯಿತು.

ಆಪ್ಟ್‌ಗೆ ಬರುವ ಕೆಲಸವನ್ನು ಆಪ್ಟ್‌ಗೇ ಬಿಡಿ

ಹಳೆಯ ಸ್ಕ್ರಿಪ್ಟ್ ಪ್ರತಿ ಪ್ಯಾಕೇಜ್‌ಗೂ ಮೊದಲು 'ಇದು ಇದೆಯಾ?' ಅಂತ ಕೇಳುತ್ತಿತ್ತು. ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ಪಟ್ಟಿ ತೆಗೆದು, ಅದರಲ್ಲಿ ಗ್ರೆಪ್‌ನಿಂದ ಹೆಸರು ಹುಡುಕಿ, ಇಲ್ಲದಿದ್ದರೆ ಹಾಕು. ಎರಡು ಕಾರಣಕ್ಕೆ ಇದು ತಪ್ಪು. ಒಂದು, ಹೆಸರಿನ ತುಂಡು ಸಿಕ್ಕರೂ ಗ್ರೆಪ್ ಹೌದು ಅನ್ನುತ್ತದೆ. ಮಾರಿಯಾಡಿಬಿ-ಸರ್ವರ್-ಕೋರ್ ಇದ್ದರೆ ಮಾರಿಯಾಡಿಬಿ-ಸರ್ವರ್ ಇದೆ ಅಂತ ತಿಳಿಯುತ್ತದೆ. ಎರಡು, ಪ್ಯಾಕೇಜ್ ತೆಗೆದುಹಾಕಿ ಅದರ ಕಾನ್ಫಿಗ್ ಫೈಲ್ ಮಾತ್ರ ಉಳಿದಿದ್ದರೂ ಆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಸಾಲಿನ ಮೊದಲಿಗೆ 'ಆರ್‌ಸಿ' ಅಂತ ಎರಡು ಅಕ್ಷರ ಇರುತ್ತದೆ, ಗ್ರೆಪ್‌ಗೆ ಅದು ಕಾಣುವುದಿಲ್ಲ.

ಅಷ್ಟಕ್ಕೂ ಈ ಪ್ರಶ್ನೆಯೇ ಬೇಡ, ಅಲ್ವಾ? 'ಆಪ್ಟ್-ಗೆಟ್ ಇನ್‌ಸ್ಟಾಲ್'ಗೆ ಈಗಾಗಲೇ ಇರುವ ಪ್ಯಾಕೇಜ್ ಹೆಸರು ಕೊಟ್ಟರೆ ಅದು ಇದೆ ಅಂತ ಹೇಳಿ ಮುಂದೆ ಹೋಗುತ್ತದೆ, ಹೊಸ ಆವೃತ್ತಿ ಸಿಕ್ಕರೆ ಅದನ್ನು ಹಾಕುತ್ತದೆ. ಹಾಗಾಗಿ ಎಲ್ಲ ಇಫ್‌ಗಳನ್ನೂ ತೆಗೆಯಿರಿ. ಒಂದು ಸಲ 'ಆಪ್ಟ್-ಗೆಟ್ ಅಪ್‌ಡೇಟ್', ಆಮೇಲೆ ಇಡೀ ಪಟ್ಟಿಗೆ ಸೇರಿ ಒಂದೇ 'ಆಪ್ಟ್-ಗೆಟ್ ಇನ್‌ಸ್ಟಾಲ್'. ಒಂದೊಂದಕ್ಕೆ ಒಂದೊಂದು ಸಲ ಕರೆದರೆ ಪ್ರತಿ ಸಲವೂ ಅದು ಲೆಕ್ಕ ಮೊದಲಿನಿಂದ ಹಾಕುತ್ತದೆ. ಒಟ್ಟಿಗೆ ಕೊಟ್ಟರೆ ಇನ್ನೊಂದು ಲಾಭವಿದೆ. ಒಂದು ಹೆಸರು ತಪ್ಪಿದ್ದರೂ ಅದನ್ನು ಹೇಳಿ ನಿಂತುಬಿಡುತ್ತದೆ, ಅರ್ಧಂಬರ್ಧ ಹಾಕುವುದಿಲ್ಲ.

ಕೈಯಲ್ಲಿ ಹೊಡೆಯುವಾಗ ಬರೀ 'ಆಪ್ಟ್' ಸರಿ. ಸ್ಕ್ರಿಪ್ಟ್ ಒಳಗೆ 'ಆಪ್ಟ್-ಗೆಟ್' ಬಳಸಿ. ಸ್ಕ್ರಿಪ್ಟ್‌ನಲ್ಲಿ ಹುಷಾರಾಗಿ ಬಳಸಿ, ನನ್ನ ನಡೆ ಬದಲಾಗಬಹುದು ಅಂತ ಆಪ್ಟ್ ತಾನೇ ಎಚ್ಚರಿಕೆ ಕೊಡುತ್ತದೆ.

ಕೋಹಾ ಬರೆದಿರುವುದು ಪರ್ಲ್ ಭಾಷೆಯಲ್ಲಿ. ಹಳೆಯ ಸ್ಕ್ರಿಪ್ಟ್ ಹತ್ತಾರು ಪರ್ಲ್ ಮಾಡ್ಯೂಲ್‌ಗಳನ್ನು ಸಿಪ್ಯಾನ್‌ನಿಂದ (ಪರ್ಲ್ ಮಾಡ್ಯೂಲ್‌ಗಳ ಆನ್‌ಲೈನ್ ಭಂಡಾರ) ಒಂದೊಂದಾಗಿ ತಂದು ಕಂಪೈಲ್ ಮಾಡುತ್ತಿತ್ತು. ಇದಕ್ಕೇ ಒಂದು ತಾಸು. ಕೋಹಾ-ಕಾಮನ್ ಪ್ಯಾಕೇಜ್ ಹಾಕಿದರೆ ಆ ಮಾಡ್ಯೂಲ್‌ಗಳೆಲ್ಲ ತಾವಾಗಿಯೇ ಬರುತ್ತವೆ. ಏನೇನು ಬೇಕು ಅಂತ ಪ್ಯಾಕೇಜ್ ಮಾಡಿದವರು ಅದರೊಳಗೇ ಬರೆದಿಟ್ಟಿದ್ದಾರೆ. ಅವರು ಮಾಡಿದ ಕೆಲಸವನ್ನೇ ನಾವು ಮತ್ತೆ ಮಾಡುತ್ತಿದ್ದೆವು. 60 ಸಾಲು ಅಲ್ಲಿ ಹೋಯಿತು. ನಿಮ್ಮ ಸಾಫ್ಟ್‌ವೇರ್‌ಗೂ ಇಂಥ ಸಿದ್ಧ ಪ್ಯಾಕೇಜ್ ಇದೆಯಾ ಅಂತ ಮೊದಲು ಹುಡುಕಿ.

ಹೆಸರಿನಲ್ಲಿ ಸಂಖ್ಯೆ ಇರುವ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್ ಕಟ್ಟುಗಳು) ಪಟ್ಟಿಯಲ್ಲಿ ಬರೆಯಬೇಡಿ. 'ಲಿಬ್‌ಎಸ್‌ಎಸ್‌ಎಲ್1.1' ಅಂತ ಬರೆದಿದ್ದ ಸ್ಕ್ರಿಪ್ಟ್‌ಗಳೆಲ್ಲ ಉಬುಂಟು 22.04 ಬಂದಾಗ ಕೆಟ್ಟವು, ಯಾಕೆಂದರೆ ಅದರಲ್ಲಿರುವುದು 'ಲಿಬ್‌ಎಸ್‌ಎಸ್‌ಎಲ್3'. 24.04ರಲ್ಲಿ 2038ರ ನಂತರದ ದಿನಾಂಕದ ಲೆಕ್ಕ ತಪ್ಪುವ ಸಮಸ್ಯೆ ಸರಿಪಡಿಸಲು ಎಷ್ಟೋ ಲೈಬ್ರರಿಗಳ ಹೆಸರಿನ ಕೊನೆಗೆ 'ಟಿ64' ಅಂತ ಸೇರಿಸಿದರು, ಆಗ ಇನ್ನಷ್ಟು ಕೆಟ್ಟವು. ನಿಮಗೆ ಬೇಕಾದ ಪ್ರೋಗ್ರಾಂ ಹೆಸರು ಬರೆಯಿರಿ, ಅದರ ಲೈಬ್ರರಿಯನ್ನು ಅದೇ ಕರೆತರುತ್ತದೆ. ಕಂಪೈಲ್ ಮಾಡಲೇಬೇಕಿದ್ದರೆ 'ಲಿಬ್‌ಎಸ್‌ಎಸ್‌ಎಲ್-ಡೆವ್' ಅಂತ ಸಂಖ್ಯೆ ಇಲ್ಲದ ಹೆಸರು ಕೊಡಿ.

ರೂಟ್ ಒಂದೇ ಸಲ

ಈಗ ಆ ನೇರಳೆ ಪರದೆಗೆ ಬರೋಣ. ಸ್ಕ್ರಿಪ್ಟ್ ಓದುವಾಗ ನನಗೆ ಆಶ್ಚರ್ಯ ಆಯಿತು. ಪ್ರಶ್ನೆ ಕೇಳಬೇಡ ಅನ್ನುವ 'ಡೆಬಿಯನ್ ಫ್ರಂಟ್‌ಎಂಡ್ ನಾನ್‌ಇಂಟರಾಕ್ಟಿವ್' ಸಾಲು ಮೇಲೆಯೇ ಇತ್ತು. ಸರಿಯಾಗಿಯೇ ಎಕ್ಸ್‌ಪೋರ್ಟ್ ಮಾಡಿತ್ತು. ಆದರೂ ಪ್ರಶ್ನೆ ಬಂದಿದ್ದು ಹೇಗೆ?

ಕಾರಣ ಕೆಳಗಿನ ಸಾಲುಗಳಲ್ಲಿತ್ತು. ಪ್ರತಿ ಆಪ್ಟ್-ಗೆಟ್ ಮುಂದೆಯೂ ಸುಡೋ, ಅಂದರೆ ಮುಂದಿನ ಕಮಾಂಡನ್ನು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸುವ ಕಮಾಂಡ್. ಸುಡೋ ಬೇರೆ ಬಳಕೆದಾರನಾಗಿ ಕೆಲಸ ಶುರು ಮಾಡುವಾಗ ನಾವು ಇಟ್ಟ ಎನ್‌ವಿರಾನ್‌ಮೆಂಟ್ ಬೆಲೆಗಳನ್ನು ಬಹುಪಾಲು ಒರೆಸಿಹಾಕುತ್ತದೆ. ಸುರಕ್ಷತೆಗೆ ಅದು ಬೇಕಾದ್ದೇ. ಆದರೆ ನಮ್ಮ 'ಕೇಳಬೇಡ' ಅನ್ನುವ ಮಾತು ಆಪ್ಟ್ ಕಿವಿಗೆ ಮುಟ್ಟಲೇ ಇಲ್ಲ.

ಪರಿಹಾರ ಸುಲಭ. ಸ್ಕ್ರಿಪ್ಟ್ ಒಳಗೆ ಎಲ್ಲೂ ಸುಡೋ ಬರೆಯಬೇಡಿ. ಮೊದಲಿಗೇ 'ಐಡಿ ಹೈಫನ್ ಯು' ಕೇಳಿ ಉತ್ತರ 0 ಅಲ್ಲದಿದ್ದರೆ, 'ಇದನ್ನು ಸುಡೋ ಹಾಕಿ ಓಡಿಸಿ' ಅಂತ ಕನ್ನಡದಲ್ಲಿ ಹೇಳಿ ನಿಲ್ಲಿಸಿ. ಇಡೀ ಸ್ಕ್ರಿಪ್ಟ್ ರೂಟ್ ಆಗಿಯೇ ಓಡುತ್ತದೆ, ಒಳಗೆ ಎಕ್ಸ್‌ಪೋರ್ಟ್ ಮಾಡಿದ್ದು ಕೊನೆವರೆಗೂ ಉಳಿಯುತ್ತದೆ. ಅದರ ಜೊತೆಗೆ 'ನೀಡ್‌ರೀಸ್ಟಾರ್ಟ್ ಮೋಡ್' ಅನ್ನೋದಕ್ಕೆ 'ಎ' ಅಂತ ಕೊಡಿ. ಸರ್ವೀಸ್‌ಗಳನ್ನು ಕೇಳದೆಯೇ ರೀಸ್ಟಾರ್ಟ್ ಮಾಡು ಅಂತ ಅರ್ಥ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನೀವು ತಿದ್ದಿದ ಕಾನ್ಫಿಗ್ ಫೈಲ್ ಇದ್ದಾಗ, ಹಳೆಯದು ಇಡಲಾ ಹೊಸದು ಹಾಕಲಾ ಅಂತ ಡಿಪಿಕೆಜಿ ಕೇಳುತ್ತದೆ. ಮೇಲಿನ ಯಾವ ಬೆಲೆಯೂ ಇದನ್ನು ತಡೆಯುವುದಿಲ್ಲ. ಅದಕ್ಕೆ ಆಪ್ಟ್-ಗೆಟ್‌ಗೆ ಡಿಪಿಕೆಜಿ ಆಪ್ಷನ್ ಆಗಿ 'ಫೋರ್ಸ್-ಕಾನ್‌ಫೋಲ್ಡ್' ಕೊಡಬೇಕು. ನೀವು ತಿದ್ದಿದ್ದು ಹಾಗೇ ಉಳಿಯುತ್ತದೆ.

ಕೀ ಫೈಲ್ ಒಳಗೆ ಏನಿತ್ತು

ಕೋಹಾ ತನ್ನದೇ ರೆಪೊಸಿಟರಿಯಿಂದ (ಪ್ಯಾಕೇಜ್‌ಗಳನ್ನು ಇಟ್ಟಿರುವ ಆನ್‌ಲೈನ್ ಜಾಗ) ಬರುತ್ತದೆ. ಅಲ್ಲಿಂದ ಬಂದ ಪ್ಯಾಕೇಜ್ ಅಸಲಿ ಅಂತ ನಂಬಲು, ಅವರ ಸಹಿಯನ್ನು ಪರೀಕ್ಷಿಸುವ ಕೀ ನಮ್ಮ ಹತ್ತಿರ ಇರಬೇಕು. ಹಳೆಯ ಸ್ಕ್ರಿಪ್ಟ್ ಅದನ್ನು ತಂದು 'ಆಪ್ಟ್-ಕೀ'ಗೆ ಪೈಪ್ ಮಾಡುತ್ತಿತ್ತು. ಆಪ್ಟ್-ಕೀ ಬಳಸಬೇಡಿ ಅಂತ ಡೆಬಿಯನ್‌ನವರೇ ಹೇಳಿ ವರ್ಷಗಳಾದವು. ಹಾಗೆ ಹಾಕಿದ ಕೀಯನ್ನು ಯಂತ್ರದ ಎಲ್ಲ ರೆಪೊಸಿಟರಿಗೂ ಆಪ್ಟ್ ನಂಬಿಬಿಡುತ್ತದೆ. ಈಗಿನ ಪದ್ಧತಿಯಲ್ಲಿ ಕೀಯನ್ನು ಇಟಿಸಿ ಫೋಲ್ಡರ್‌ನ ಆಪ್ಟ್ ಒಳಗೆ ಕೀರಿಂಗ್ಸ್ ಫೋಲ್ಡರ್‌ನಲ್ಲಿ ಇಟ್ಟು, ರೆಪೊಸಿಟರಿ ಸಾಲಿನಲ್ಲಿ 'ಸೈನ್ಡ್-ಬೈ' ಅಂತ ಆ ಫೈಲ್ ಹೆಸರು ಬರೆಯಬೇಕು. ಆ ಕೀ ಆ ಒಂದು ರೆಪೊಸಿಟರಿಗೆ ಮಾತ್ರ ಸಲ್ಲುತ್ತದೆ.

ಒಂದು ಕಾಲೇಜಿನಲ್ಲಿ ಈ ಹಂತ ಪ್ರತಿ ಸಲ ಕೆಡುತ್ತಿತ್ತು. ಕೀ ಇಲ್ಲ ಅಂತ ಆಪ್ಟ್ ದೂರು. ಫೈಲ್ ನೋಡಿದರೆ ಇದೆ. ಕೊನೆಗೆ ಅದನ್ನು ತೆರೆದು ನೋಡಿದೆ. ಒಳಗಿದ್ದಿದ್ದು ಕಾಲೇಜಿನ ವೈಫೈ ಲಾಗಿನ್ ಪುಟ! ಸರ್ವರ್ ಇನ್ನೂ ಲಾಗಿನ್ ಆಗಿರಲಿಲ್ಲ, ಹಾಗಾಗಿ ಏನೇ ಕೇಳಿದರೂ ನೆಟ್‌ವರ್ಕ್ ಆ ಪುಟವನ್ನೇ ಕೊಡುತ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಸರ್ಟಿಫಿಕೇಟ್ ನೋಡಬೇಡ ಅನ್ನುವ 'ನೋ-ಚೆಕ್-ಸರ್ಟಿಫಿಕೇಟ್' ಇತ್ತು, ಆದ್ದರಿಂದ ಅದು ಸುಮ್ನೆ ನುಂಗಿಕೊಂಡಿತು. ಯಾರೋ ಹಿಂದೆ ಒಂದು ಎರರ್ ಬಂತು ಅಂತ ಹಚ್ಚಿದ ತೇಪೆ ಅದು. ಅಂಥದ್ದು ನಿಮ್ಮ ಸ್ಕ್ರಿಪ್ಟ್‌ನಲ್ಲಿದ್ದರೆ ಇವತ್ತೇ ತೆಗೆಯಿರಿ. ಆಮೇಲೆ ಒಂದು ಸಾಲು ಸೇರಿಸಿ: ಬಂದ ಫೈಲ್‌ನಲ್ಲಿ 'ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್' ಅಂತ ಇದೆಯಾ ನೋಡು, ಇಲ್ಲದಿದ್ದರೆ 'ಮೊದಲು ನೆಟ್‌ಗೆ ಲಾಗಿನ್ ಆಗಿ' ಅಂತ ಹೇಳಿ ನಿಲ್ಲು.

ರೆಪೊಸಿಟರಿ ಸಾಲಿನಲ್ಲಿ 'ಸ್ಟೇಬಲ್' ಅಂತ ಬರೆಯುವ ಮೊದಲೂ ಯೋಚಿಸಿ. ಕೋಹಾ ಆರು ತಿಂಗಳಿಗೊಮ್ಮೆ, ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ತರುತ್ತದೆ. ಇವತ್ತಿನ ಸ್ಟೇಬಲ್ ನಾಳೆ ಬೇರೆಯದಾಗುತ್ತದೆ.

ತಪ್ಪಾದರೆ ಅಲ್ಲೇ ನಿಲ್ಲಬೇಕು

ಸ್ಕ್ರಿಪ್ಟ್‌ನ ಎರಡನೇ ಸಾಲಾಗಿ 'ಸೆಟ್ ಹೈಫನ್ ಇಯುಒ ಪೈಪ್‌ಫೇಲ್' ಹಾಕಿ. ಇ ಅಂದರೆ ಕಮಾಂಡ್ ಸೋತರೆ ನಿಲ್ಲು. ಯು ಅಂದರೆ ಬೆಲೆ ಕೊಡದ ಹೆಸರು ಬಳಸಿದರೆ ನಿಲ್ಲು. ಪೈಪ್‌ಫೇಲ್ ಅಂದರೆ ಪೈಪ್‌ನ ನಡುವೆ ಯಾವುದು ಸೋತರೂ ಇಡೀ ಪೈಪ್ ಸೋತ ಹಾಗೆ. ಇದು ಎಲ್ಲವನ್ನೂ ಹಿಡಿಯುವುದಿಲ್ಲ. ಇಫ್ ಒಳಗಿನ ಷರತ್ತಿನಲ್ಲಿ ಸೋತದ್ದನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇಫ್‌ಗಳು ಕಡಿಮೆ ಆದಷ್ಟೂ ಇದು ಗಟ್ಟಿ.

ಹೊಸದಾಗಿ ಬೂಟ್ ಆದ ಉಬುಂಟು ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತಿರುತ್ತದೆ. ಆಗ ಡಿಪಿಕೆಜಿ ಬೀಗ ಅದರ ಕೈಯಲ್ಲಿರುತ್ತದೆ. ಹಳೆಯ ಸ್ಕ್ರಿಪ್ಟ್ ಬೀಗದ ಫೈಲನ್ನೇ ಅಳಿಸುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ, ಪ್ಯಾಕೇಜ್‌ಗಳ ಲೆಕ್ಕವೇ ಹಾಳಾಗಬಹುದು. 'ಡಿಪಿಕೆಜಿ ಲಾಕ್ ಟೈಮ್ಔಟ್' ಎಂಬ ಆಪ್ಷನ್‌ಗೆ 300 ಕೊಡಿ, ಆಪ್ಟ್ ಐದು ನಿಮಿಷ ತಾಳ್ಮೆಯಿಂದ ಕಾಯುತ್ತದೆ.

ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಇನ್‌ಸ್ಟಾಲ್ ನಡುವೆ ಹೋದರೆ ಕೆಲವು ಪ್ಯಾಕೇಜ್ ಅರ್ಧ ಕೂತಿರುತ್ತವೆ. ಅದಕ್ಕೆ ಆಪ್ಟ್-ಗೆಟ್ ಶುರುವಾಗುವ ಮುಂಚೆ 'ಡಿಪಿಕೆಜಿ ಕಾನ್ಫಿಗರ್ ಹೈಫನ್ ಎ' ಇಟ್ಟಿದ್ದೇನೆ. ಅರ್ಧ ಇದ್ದದ್ದನ್ನು ಪೂರ್ತಿ ಮಾಡುತ್ತದೆ, ಇಲ್ಲದಿದ್ದರೆ ಏನೂ ಮಾಡುವುದಿಲ್ಲ. ಕರೆಂಟ್ ಬಂದ ಮೇಲೆ ಮೇಡಂ ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಆಯಿತು, ಬೇರೆ ಏನೂ ನೆನಪಿಡಬೇಕಿಲ್ಲ.

ಪಿಪ್ ಬೇಕೇ ಬೇಕಾ?

'ನೆನಪು' ಪ್ರೋಗ್ರಾಂಗೆ ಎರಡು ಪೈಥಾನ್ ಲೈಬ್ರರಿ ಬೇಕು. ಮೊದಲು ಅವನ್ನು ಪಿಪ್‌ನಿಂದ (ಪೈಥಾನ್ ಲೈಬ್ರರಿ ತಂದು ಹಾಕುವ ಪ್ರೋಗ್ರಾಂ) ಹಾಕುತ್ತಿದ್ದೆವು. ಡೆಬಿಯನ್ 12ರಲ್ಲಿ ಪಿಪ್ ಒಪ್ಪುವುದಿಲ್ಲ. ಈ ಪೈಥಾನನ್ನು ಆಪ್ಟ್ ನೋಡಿಕೊಳ್ಳುತ್ತಿದೆ, ನೀನು ಕೈ ಹಾಕಬೇಡ ಅನ್ನುತ್ತದೆ. ಆ ತಡೆಯನ್ನು ಮುರಿಯುವ ಆಪ್ಷನ್ ಇದೆ, ಅದನ್ನು ಬಳಸಬೇಡಿ. ಪೈಥಾನ್3-ರಿಕ್ವೆಸ್ಟ್ಸ್ ಮತ್ತು ಪೈಥಾನ್3-ಪೈಮೈಎಸ್‌ಕ್ಯೂಎಲ್ ಎರಡೂ ಆಪ್ಟ್‌ನಲ್ಲೇ ಸಿಗುತ್ತವೆ. ಚೀಟಿಯಲ್ಲಿ ಎರಡು ಸಾಲು ಸೇರಿಸಿದೆ, ಪಿಪ್ ಭಾಗ ಪೂರ್ತಿ ಹೋಯಿತು. ಆಪ್ಟ್‌ನಲ್ಲಿ ಸಿಗದ ಲೈಬ್ರರಿ ಬೇಕಿದ್ದರೆ ಮಾತ್ರ ವೆನ್ವ್ (ಆ ಪ್ರೋಗ್ರಾಂಗಷ್ಟೇ ಬೇರೆಯಾದ ಪೈಥಾನ್ ಜಾಗ) ಮಾಡಿ, ಆವೃತ್ತಿಗಳನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಗಟ್ಟಿ ಮಾಡಿ.

ಹೊಸ ಯಂತ್ರದ ಮೇಲೆ ಪರೀಕ್ಷೆ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿತು ಅಂದರೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಎಲ್ಲವೂ ಮೊದಲೇ ಇರುತ್ತದೆ. ಪಾಡ್‌ಮ್ಯಾನ್ ಅಥವಾ ಡಾಕರ್ ಹಾಕಿ, ಖಾಲಿ ಡೆಬಿಯನ್ 12 ಮತ್ತು ಉಬುಂಟು 22.04 ಕಂಟೇನರ್ (ಯಂತ್ರದೊಳಗೇ ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್) ಎಬ್ಬಿಸಿ, ಅದರೊಳಗೆ ಸ್ಕ್ರಿಪ್ಟ್ ಓಡಿಸಿ. ಈ ಕಂಟೇನರ್‌ಗಳಲ್ಲಿ ಸುಡೋ ಕೂಡ ಇರುವುದಿಲ್ಲ. ನಾವು ಅದನ್ನು ಮೊದಲೇ ತೆಗೆದಿದ್ದರಿಂದ ತೊಂದರೆ ಇಲ್ಲ. ಕರ್ಲ್ ಕೂಡ ಇರುವುದಿಲ್ಲ. ಹಾಗಾಗಿ ಕೀ ತರುವ ಮೊದಲು ಕರ್ಲ್ ಮತ್ತು ಸಿಎ-ಸರ್ಟಿಫಿಕೇಟ್ಸ್ ಎರಡನ್ನು ಮಾತ್ರ ಹಾಕಿಕೊಳ್ಳಬೇಕು ಅಂತ ನನಗೆ ಇಲ್ಲೇ ಗೊತ್ತಾಗಿದ್ದು. ಮುಗಿದ ಮೇಲೆ ಅದೇ ಕಂಟೇನರ್‌ನಲ್ಲಿ ಇನ್ನೊಂದು ಸಲ ಓಡಿಸಿ. ಎರಡನೇ ಸಲ ಹೊಸದೇನೂ ಆಗದೆ ಬೇಗ ಮುಗಿಯಬೇಕು.

ಹೀಗೆ ಹತ್ತು ಸಲ ಓಡಿಸಿದರೆ ಡೇಟಾ ಬಹಳ ಹೋಗುತ್ತದೆ. ಆಪ್ಟ್-ಕ್ಯಾಚರ್-ಎನ್‌ಜಿ ಅಂತ ಒಂದು ಪ್ಯಾಕೇಜ್ ಇದೆ, 3142ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ಒಮ್ಮೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಮುಂದಿನ ಯಂತ್ರಗಳಿಗೆ ಅಲ್ಲಿಂದಲೇ ಕೊಡುತ್ತದೆ. ಒಂದೇ ಲ್ಯಾಬ್‌ನಲ್ಲಿ ಹಲವು ಯಂತ್ರ ಇರುವ ಕಾಲೇಜಿಗೆ ಇದು ಬಹಳ ಉಪಯೋಗ.

ಶೆಲ್‌ಚೆಕ್ ಒಮ್ಮೆ ಓಡಿಸಿ, ಉಲ್ಲೇಖ ಚಿಹ್ನೆ ಬಿಟ್ಟುಹೋದ ಜಾಗವನ್ನೆಲ್ಲ ತೋರಿಸುತ್ತದೆ. ವಿಂಡೋಸ್‌ನಲ್ಲಿ ತಿದ್ದಿದ ಫೈಲ್ ಆದರೆ ಸಾಲಿನ ಕೊನೆಯ ಗುರುತು ಬದಲಾಗಿ 'ಬ್ಯಾಡ್ ಇಂಟರ್‌ಪ್ರಿಟರ್' ಅಂತ ಬರಬಹುದು. 'ಡಾಸ್ ಟು ಯುನಿಕ್ಸ್' ಹೊಡೆದರೆ ಸರಿ.

ಕೊನೆಯ ಸಾಲುಗಳು

ಹಳೆಯ ಸ್ಕ್ರಿಪ್ಟ್ ಕೊನೆಗೆ 'ಯಶಸ್ವಿಯಾಗಿದೆ' ಅಂತ ಹೇಳುತ್ತಿತ್ತು, ಏನೇ ಆಗಿರಲಿ. ಈಗ ಅದು ಮಾರಿಯಾಡಿಬಿ, ಅಪಾಚೆ, ಮೆಮ್‌ಕ್ಯಾಶ್‌ಡಿ ಮೂರನ್ನೂ 'ಸಿಸ್ಟಂ-ಸಿಟಿಎಲ್ ಈಸ್-ಆಕ್ಟಿವ್'ನಿಂದ ಕೇಳುತ್ತದೆ. ಪ್ರತಿಯೊಂದಕ್ಕೂ ಒಂದು ಸಾಲು: 'ಡೇಟಾಬೇಸ್: ನಡೆಯುತ್ತಿದೆ', 'ವೆಬ್ ಸರ್ವರ್: ನಡೆಯುತ್ತಿದೆ'. ನಿಂತಿದ್ದರೆ ಯಾವ ಲಾಗ್ ನೋಡಬೇಕು ಅಂತ ಪಕ್ಕದಲ್ಲೇ ಹೇಳುತ್ತದೆ. ಕಂಟೇನರ್ ಒಳಗೆ ಸಾಮಾನ್ಯವಾಗಿ ಸಿಸ್ಟಂಡಿ (ಸರ್ವೀಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಓಡುವುದಿಲ್ಲ, ಅಲ್ಲಿ ಈ ಭಾಗವನ್ನು ಬಿಟ್ಟುಬಿಡಲು ಒಂದು ಆಪ್ಷನ್ ಇಟ್ಟಿದ್ದೇನೆ.

ಈ ಜೂನ್‌ನಲ್ಲಿ ಅದೇ ಕಾಲೇಜಿಗೆ ಹೊಸ ಯಂತ್ರ ಬಂತು. ಮೇಡಂ ಹನ್ನೊಂದಕ್ಕೆ ಸ್ಕ್ರಿಪ್ಟ್ ಶುರು ಮಾಡಿದರು. ಹನ್ನೊಂದೂವರೆಗೆ ಫೋನ್ ಬಂತು. ಆ ಮೂರು ಸಾಲನ್ನು ನನಗೆ ಓದಿ ಹೇಳಿದರು.